ಹಳಿ ನಡುವಿನ ಬನ್ನಿ

ಗ್ರೀನ್‌ಫರ್ಡ್, ಲಂಡನ್
ಶನಿವಾರ, ೧೮ ಅಕ್ಟೋಬರ್ ೨೦೨೫

ಅಂಕಿತಾನ ಪಪ್ಪಾ ಅವರಿಗೆ ನೀಲವ್ವನ ಶರಣು.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ ಎಂದರೆ ಅರ್ಧ ವಿಷಯ ನಿಮಗೆ ತಿಳಿದ ಹಾಗೇ. ಉಳಿದ ಅರ್ಧವನ್ನು ನಿಮ್ಮ ಮಗಳು ಆಗಲೇ ಟೂಟಿಂಗಿನಿಂದ ಧಾರವಾಡಕ್ಕೆ ಮುಟ್ಟಿಸಿದ್ದಾಳೆ. ಹೌದು, ನಮ್ಮ ಲೈನಿನ ಕಥೆ ಮುಗಿಯಿತು. ರೈಲು ಓಡುವುದಿಲ್ಲ. ನನ್ನ ಕಿತ್ತಳೆ ಬಣ್ಣದ ಜಾಕೀಟು ತೊಳೆದು ಒಣಗಿಸಿ ಮಡಚಿ ಇಟ್ಟಿದ್ದೇನೆ. ಬೂಟು ಇನ್ನೂ ಬಾಗಿಲ ಹತ್ತಿರವೇ ಇದೆ, ಅದನ್ನು ಒಳಗೆ ತೆಗೆದಿಡಲು ಕೈ ಬರುತ್ತಿಲ್ಲ.

ಫೋನು ಮಾಡದೆ ಕಾಗದ ಯಾಕೆ ಬರೆದಳು ಎಂದು ಸಿಟ್ಟಾಗಬೇಡಿ. ನೀವು ಫೋನು ಎತ್ತಿದ ಕೂಡಲೇ ಸ್ಪೀಕರಿಗೆ ಹಾಕುತ್ತೀರಿ. ನಾನು ಇಲ್ಲಿ ಒಮ್ಮೆ ಕೆಮ್ಮಿದರೆ ಅಲ್ಲಿ ನಿಮ್ಮ ಅಣ್ಣ ಒಂದು ಕಷಾಯ ಹೇಳುತ್ತಾರೆ, ದೊಡ್ಡ ನೆಗೆಣ್ಣಿ ಇನ್ನೊಂದು ಹೇಳುತ್ತಾಳೆ, ಮೇಲಿನ ಮನೆಯ ಮಾಸ್ತರರು ಇಳಿದು ಬಂದು ಎರಡೂ ತಪ್ಪು ಅನ್ನುತ್ತಾರೆ. ಗಂಡನಿಗೆ ಹೇಳುವ ಮಾತು ಗಂಡನಿಗಷ್ಟೇ ಕೇಳಬೇಕೆಂದರೆ ಈಗ ಅಂಚೆಯೊಂದೇ ಉಳಿದಿರುವುದು.

ನಾನು ಕೊಟ್ಟ ಮಾತನ್ನು ನೀವು ಮರೆತಿಲ್ಲ, ನಾನೂ ಮರೆತಿಲ್ಲ. ನೀವು ಪಾರ್ಕ್ ರಾಯಲ್ಲಿನ ಮಸಾಲೆ ಕಾರ್ಖಾನೆಯಿಂದ ನಿವೃತ್ತರಾಗಿ, ಸಪ್ತಾಪುರದ ಆ ಫ್ಲ್ಯಾಟು ನೋಡಿ ಬಂದು, ಇನ್ನು ಗ್ರೀನ್‌ಫರ್ಡಿನ ಋಣ ತೀರಿತು ಎಂದು ಅಡುಗೆಮನೆಯಲ್ಲಿ ನಿಂತು ಘೋಷಣೆ ಮಾಡಿದಿರಿ. ನಾನು ರೊಟ್ಟಿ ತಟ್ಟುತ್ತಿದ್ದೆ. ‘ಲೈನ್ ಮ್ಯಾಲೆ ಮೊದಲನೇ ರೈಲು ಓಡಿದ ದಿನಾನ ಗಂಟು ಕಟ್ಟತೀನ್ರಿ, ನೀವು ಮುಂದ ಹೋಗ್ರಿ’ ಎಂದೆ. ‘ಅದು ಓಡೂದೂ ಇಲ್ಲ, ನೀ ಬರೂದೂ ಇಲ್ಲ’ ಎಂದು ನೀವು ನಕ್ಕಿರಿ. ಆ ನಗು ನನಗೆ ಎಲ್ಲೋ ಚುಚ್ಚಿತು. ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ವಿಭೂತಿ ಗಟ್ಟಿ ಮುಟ್ಟಿ, ರೈಲು ಓಡಿದ ಮರುವಾರ ನಿಮ್ಮ ಹತ್ತಿರ ಇರುತ್ತೇನೆ ಎಂದು ಮಾತು ಕೊಟ್ಟೆ. ವಿಭೂತಿ ಮುಟ್ಟಿ ಆಡಿದ ಮಾತನ್ನು ನಾನು ಇವತ್ತಿನವರೆಗೆ ತಪ್ಪಿಲ್ಲ.

ಆದರೆ ಒಂದು ನೆನಪು ಮಾಡುತ್ತೇನೆ, ನನ್ನನ್ನು ಆ ಲೈನಿಗೆ ಅಟ್ಟಿದವರೇ ನೀವು. ಸಮೋಸಾ ಕಾರ್ಖಾನೆ ಊರ ಹೊರಗೆ ಹೋಗಿ ನನ್ನ ಪ್ಯಾಕಿಂಗ್ ಕೆಲಸ ಹೋದಾಗ, ದಿನವಿಡೀ ನಿಮ್ಮ ಬೆನ್ನ ಹಿಂದೆ ಗೊಣಗುತ್ತ ತಿರುಗುತ್ತಿದ್ದೆನಲ್ಲ, ಆಗ. ‘ಹೊರಗರೆ ಹೋಗು, ನನ್ನ ತಲಿ ತಿನಬ್ಯಾಡ. ಹಿತ್ತಲಾಚೆ ಯಾರೋ ಮುಳ್ಳಕಂಟಿ ಕಡ್ಯಾಕತ್ತಾರ, ಅವರಿಗರೆ ಚಾ ಕೊಟ್ಟು ಬಾ’ ಎಂದಿರಿ. ಚಹಾ ಕೊಡಲು ಹೋದವಳು ಕತ್ತರಿ ಹಿಡಿದುಕೊಂಡು ನಿಂತುಬಿಟ್ಟೆ.

ಎಂಥ ಹುಚ್ಚು ಜನ ಅನ್ನಿಸಿತ್ತು ಮೊದಲು. ಅರವತ್ತು ವರ್ಷದಿಂದ ಮುಚ್ಚಿ ಹೋದ ಒಂದು ಗೇಣುದ್ದದ ಲೈನು. ಮಿಲ್ ಲೇನ್ ಎಂಬ ಮುರುಕು ಸ್ಟೇಷನ್ನಿನಿಂದ ಕಾಲುವೆಯ ದಂಡೆಯವರೆಗೆ ಮಾತ್ರ. ಅದರ ಮೇಲೆ ಭಾನುವಾರಕ್ಕೊಮ್ಮೆ ಹಳೆಯ ಎಂಜಿನ್ನು, ಒಂದೇ ಒಂದು ಡಬ್ಬಿ ಓಡಿಸಬೇಕೆಂದು ಏಳೆಂಟು ಮುದುಕರು ಶನಿವಾರ ಶನಿವಾರ ಬೆನ್ನು ಮುರಿದುಕೊಳ್ಳುತ್ತಿದ್ದರು. ಅವರ ಮುಖ್ಯಸ್ಥ ಡೆರೆಕ್, ನಿಮಗೆ ಗೊತ್ತೇ ಇದ್ದಾನೆ, ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಅವನ ತಾಯಿ ಆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದಳಂತೆ. ಆ ಕಿಟಕಿ ಇನ್ನೂ ಇದೆ. ಕೆಲಸ ಶುರುವಾಗುವ ಮೊದಲು ಅವನು ಆ ಕಿಟಕಿಯನ್ನು ಒಮ್ಮೆ ಒರೆಸುತ್ತಿದ್ದ.

ಸೀರೆ ಉಟ್ಟರೆ ಕೆಲಸಕ್ಕೆ ಬಿಡುವುದಿಲ್ಲ ಎಂದ. ಅಂಕಿತಾನ ಸ್ಕೂಲಿನ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಹೋದೆ. ನೀವು ಅದನ್ನು ನೋಡಿ ಟೀವಿಯ ಸೌಂಡು ಹೆಚ್ಚು ಮಾಡಿದಿರಿ. ಮುಳ್ಳು ಕಡಿದೆ, ಜಲ್ಲಿ ಹರವಿದೆ, ಹಳಿಯ ಕೆಳಗೆ ಹಾಸುವ ಮರದ ಸ್ಲೀಪರುಗಳನ್ನು ಇಕ್ಕಳದಲ್ಲಿ ಹಿಡಿದು ನಾಲ್ವರ ಜೊತೆ ಹೊತ್ತೆ. ಹಳಿಗೆ ಹಳಿ ಕೂಡುವಲ್ಲಿ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟು ಬಿಗಿಯುವುದು ಕಲಿತೆ. ಮೊದಲ ಬೋಲ್ಟು ಬಿಗಿದ ದಿನ ಮನೆಗೆ ಬಂದು ನಿಮಗೆ ಕೈ ತೋರಿಸಿದೆ. ‘ಹಳಿ ಕಿತ್ತವರನ್ನ ನೋಡೀನಿ, ಪಗಾರ ಇಲ್ದ ಹಳಿ ಹಾಕವ್ರನ್ನ ನಿನ್ನನ್ನ ಮೊದಲ ನೋಡಿದ್ದು’ ಎಂದಿರಿ. ಆದರೆ ಅಂಗೈಯ ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚಿದವರೂ ನೀವೇ, ಅದನ್ನೂ ಮರೆತಿಲ್ಲ.

ಈ ದೇಶಕ್ಕೆ ಬಂದಾಗಿನಿಂದ ನಾನು ಮಾಡಿದ್ದೆಲ್ಲ ಸಂಜೆಯೊಳಗೆ ಯಾರದೋ ಹೊಟ್ಟೆ ಸೇರುತ್ತಿತ್ತು. ಸಮೋಸಾ ಹೋಯಿತು, ರೊಟ್ಟಿ ಹೋಯಿತು, ಮಗಳ ಟಿಫಿನ್ ಡಬ್ಬಿ ಹೋಯಿತು. ಹಳಿ ಮಾತ್ರ ಮುಂದಿನ ಶನಿವಾರ ಹೋಗಿ ನೋಡಿದರೂ ನಾನು ಇಟ್ಟಲ್ಲೇ ಇರುತ್ತಿತ್ತು. ಅದರಲ್ಲಿ ನನಗೆ ಎಷ್ಟು ಸಮಾಧಾನ ಇತ್ತೆಂದು ನಿಮಗೆ ಹೇಗೆ ಹೇಳಲಿ? ಡೆರೆಕ್ ಜಾಕೀಟಿನ ಬೆನ್ನಿಗೆ ಮಾರ್ಕರಿನಲ್ಲಿ ‘ನೀಲಾ’ ಎಂದು ಬರೆದುಕೊಟ್ಟಿದ್ದ. ನೀಲವ್ವ ಎಂದು ಬರೆಯಲು ಅವನಿಗೆ ಬರಲಿಲ್ಲ, ಹೋಗಲಿ. ಅಲ್ಲಿ ನಾನು ಯಾರ ಸಣ್ಣ ಸೊಸೆಯೂ ಅಲ್ಲ, ಯಾರ ಮನೆಯವಳೂ ಅಲ್ಲ. ಚಹಾದ ಹೊತ್ತಿಗೆ ಅವನು ಡೈಜೆಸ್ಟಿವ್ ಬಿಸ್ಕೀಟಿನ ಮೇಲೆ ನನ್ನ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದ. ಮೂಗು ಕೆಂಪಾದರೂ ಬಿಡುತ್ತಿರಲಿಲ್ಲ.

ಇನ್ನು ಬನ್ನಿಯ ವಿಷಯ. ಅಂಕಿತಾ ನಿಮಗೆ ಅದನ್ನು ತಲೆಕೆಳಗು ಮಾಡಿ ಹೇಳಿರುತ್ತಾಳೆ, ಅದಕ್ಕೇ ಮೊದಲಿನಿಂದ ಬರೆಯುತ್ತೇನೆ.

ಮುಳ್ಳು ಕಡಿಯುತ್ತ ಹೋದಾಗ, ಎರಡು ಬದಿಗೂ ದಿಬ್ಬ ಇರುವ ಇಕ್ಕಟ್ಟಿನಲ್ಲಿ, ಹಳಿ ಹೋಗಬೇಕಾದ ಜಾಗದ ನಟ್ಟನಡುವೆ ಆ ಮರ ನಿಂತಿತ್ತು. ಡೆರೆಕ್ ಅದಕ್ಕೆ ಬೇರೇನೋ ಹೆಸರು ಹೇಳಿದ. ನನ್ನ ಕಣ್ಣಿಗೆ ಅದು ಬನ್ನಿಯೇ. ಹಾಗೇ ಸಾಲು ಎಲೆ, ಹಾಗೇ ಮುಳ್ಳು. ಅದೂ ಅಕ್ಟೋಬರಿನಲ್ಲಿ ಎಲೆ ತಾನಾಗಿಯೇ ಹಳದಿಯಾಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಅಷ್ಟು ವರ್ಷ ದಸರೆಗೆ ನಾವು ಏನು ಮಾಡುತ್ತಿದ್ದೆವು? ಟೂಟಿಂಗಿನ ಅಂಗಡಿಯಿಂದ ಕರಿಬೇವು ತಂದು, ಇದೇ ಬನ್ನಿ ಅಂದುಕೊಂಡು ಒಬ್ಬರಿಗೊಬ್ಬರು ಕೊಟ್ಟು, ‘ಬನ್ನಿ ತಗೊಂಡು ಬಂಗಾರಧಂಗ ಇರೋಣು’ ಅನ್ನುತ್ತಿದ್ದೆವು. ಮರುದಿನ ಅದೇ ಬನ್ನಿ ಸಾರಿನ ಒಗ್ಗರಣೆಗೆ ಬೀಳುತ್ತಿತ್ತು. ಆ ವರ್ಷ ನಾನು ಆ ಮರದ ಎಲೆ ತಂದು ಕೊಟ್ಟಾಗ ನೀವು ಕಣ್ಣಿಗೆ ಒತ್ತಿಕೊಂಡಿರಿ. ವಾರದಿಂದ ಮಾತು ಬಿಟ್ಟವರು ಅವತ್ತು ಮಾತಾಡಿದಿರಿ. ಅದೇ ನಾವಿಬ್ಬರೂ ಒಂದೇ ಮನೆಯಲ್ಲಿ ಮಾಡಿದ ಕೊನೆಯ ದಸರೆ.

ಮರ ಕಡಿಯುವುದನ್ನು ಕೊನೆಗೆ ಇಟ್ಟುಕೊಳ್ಳೋಣ ಎಂದು ಡೆರೆಕ್‌ಗೆ ಹೇಳಿದೆ. ಪಾಪ, ಒಪ್ಪಿದ. ಸ್ಟೇಷನ್ ಕಡೆಯಿಂದ ಮರದ ತನಕ ಹಳಿ ಹಾಕುತ್ತ ಬಂದೆವು, ಕಾಲುವೆ ಕಡೆಯ ಹಳೇ ಹಳಿ ರಿಪೇರಿ ಮಾಡಿದೆವು, ನಡುವೆ ಮರ ನಿಂತಿತು. ಅಷ್ಟರಲ್ಲಿ ಬೃಂದಾ ಬಂದಳು. ಬೃಂದಾ ಎಂದರೆ ಬೆಂಗಳೂರಿನ ಐಟಿಯವಳು, ಗ್ರೀನ್‌ಫರ್ಡ್ ಕನ್ನಡ ವಾಟ್ಸಾಪ್ ಗುಂಪಿನ ಓಡಾಟವೆಲ್ಲ ಅವಳದೇ. ‘ಆಂಟಿ, ಬನ್ನಿ ಮರ ಇದ್ಯಾ? ಇಲ್ಲೇ? ನಿಜ್ವಾಗ್ಲೂ?’ ಎಂದು ಕುಣಿದಾಡಿದಳು. ಮರುವರ್ಷ ದಸರೆಗೆ ಬೆಳಗಾವಿಯವರು, ಕಲಬುರಗಿಯವರು, ಮೈಸೂರಿನವರು ಎಲ್ಲ ಬಂದರು. ಮರಕ್ಕೆ ಹಸಿರು ಸೀರೆ ಸುತ್ತಿದರು, ಅರಿಸಿನ ಕುಂಕುಮ ಹಚ್ಚಿದರು, ಮಕ್ಕಳು ಇಂಗ್ಲಿಷಿನಲ್ಲಿ ಬನ್ನಿ ಹಂಚಿಕೊಂಡರು. ನಾನು ಜಾಕೀಟು ಹಾಕಿಕೊಂಡೇ ಎಲ್ಲರಿಗೂ ಎಲೆ ಕಿತ್ತು ಕೊಟ್ಟೆ. ಎಷ್ಟು ಹೆಮ್ಮೆ ಪಟ್ಟೆನೆಂದರೆ, ಆ ಮರವನ್ನು ನಾನೇ ಹೆತ್ತಂತೆ ಆಡಿದೆ.

ಅದರ ಫೋಟೋ ಕೌನ್ಸಿಲ್ಲಿನ ಪತ್ರಿಕೆಯಲ್ಲಿ ಬಂತು. ಫೋಟೋ ಬಂದರೆ ಒಳ್ಳೆಯದೇ ಅಂದುಕೊಂಡೆವು. ಆದರೆ ಲೈನಿನ ಪಕ್ಕದ ಮನೆಗಳಲ್ಲಿ ಕೆಲವರಿಗೆ ತಮ್ಮ ಹಿತ್ತಲಿನ ಬೇಲಿಯಾಚೆ ರೈಲು ಬರುವುದು ಬೇಡವಾಗಿತ್ತು. ಅಲ್ಲಿಯವರೆಗೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಇಷ್ಟು ಜನ ಪೂಜಿಸುವ ಮರವನ್ನು ಕಡಿಯಬಾರದು ಎಂದು ಅವರು ಅರ್ಜಿ ಹಾಕಿದರು. ಒಂದು ದಿನವೂ ಆ ಮರದ ಕಡೆ ತಿರುಗಿ ನೋಡದವರು! ಕೌನ್ಸಿಲ್ಲಿನವರು ಮರಕ್ಕೆ ರಕ್ಷಣೆಯ ಆದೇಶ ಹೊರಡಿಸಿದರು. ಈ ಬೇಸಿಗೆಯಲ್ಲಿ ಎರಡೂ ಕಡೆಯ ಹಳಿ ಸೇರಿಸುವ ಹೊತ್ತಿಗೆ ಮರ ಮುಟ್ಟುವ ಹಾಗೇ ಇರಲಿಲ್ಲ. ದಿಬ್ಬದ ಇಕ್ಕಟ್ಟಿನಲ್ಲಿ ಸುತ್ತು ಹಾಕಿ ಹೋಗುವುದಕ್ಕೂ ಜಾಗವಿಲ್ಲ. ಬನ್ನಿಯನ್ನು ತೋರಿಸಿದವಳು ನಾನು, ಸೀರೆ ಸುತ್ತಿಸಿದವಳು ನಾನು. ಊರ ಕಡೆಯವರು ಯಾರೂ ಇಲ್ಲದಿದ್ದರೆ ಆ ಮರ ಎಂದೋ ಕಟ್ಟಿಗೆಯಾಗುತ್ತಿತ್ತು.

ಆದೇಶ ಬದಲಿಸಬಹುದೇ ಎಂದು ಡೆರೆಕ್ ಮನವಿ ಮಾಡಿಕೊಂಡ. ಆಗಸ್ಟ್ ಕೊನೆಗೆ ಮರಗಳ ಅಧಿಕಾರಿ ಬಂದಳು, ಸಣ್ಣ ವಯಸ್ಸಿನ ಹುಡುಗಿ, ಮೆತ್ತಗಿನ ಮಾತು. ಪೂಜೆ ಮಾಡುವವರ ಪರವಾಗಿ ನನ್ನನ್ನು ಮಾತಾಡಿಸಬೇಕೆಂದಳು. ಡೆರೆಕ್ ಮರ್ಯಾದೆಗೆ ದೂರ ಹೋಗಿ ನಿಂತ. ಆಕೆ ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟೆ. ಮರ ಉಳಿಯಿತು.

ಮರ ಉಳಿದರೆ ಉಳಿಯಲಿ, ಇವತ್ತಲ್ಲ ನಾಳೆ ನೋಡೋಣ ಎನ್ನುವ ಹಾಗೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಈ ಶರತ್ಕಾಲದೊಳಗೆ ಹಳಿ ಸೇರದಿದ್ದರೆ ಜಾಗ ವಾಪಸು ಎಂದು ಜಾಗದ ಒಡೆಯರು ಮೊದಲೇ ಹೇಳಿದ್ದರಂತೆ. ಡೆರೆಕ್ ನಮ್ಮ ಯಾರಿಗೂ ಅದನ್ನು ಹೇಳಿರಲಿಲ್ಲ, ಎಲ್ಲರ ಕೈ ಸೋತೀತು ಎಂದು ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಸ್ಟೇಷನ್ ಇರುವ ಕಡೆ ಇನ್ನು ಮುಂದೆ ಗೋದಾಮಿನ ಲಾರಿಗಳು ನಿಲ್ಲುತ್ತವೆ. ಮರದ ಸುತ್ತ ಕಬ್ಬಿಣದ ಬೇಲಿ ಹಾಕಿ ಅದನ್ನು ಮಾತ್ರ ಬಿಡುತ್ತಾರೆ.

ಡೆರೆಕ್ ಈ ಸುದ್ದಿಯನ್ನು ಪ್ಲ್ಯಾಟ್‌ಫಾರ್ಮಿನ ಮೇಲೆ ನಿಂತು ಹೇಳಿದ. ಒಬ್ಬರು ಎದ್ದು ಕಪ್ಪುಗಳನ್ನು ತೊಳೆಯತೊಡಗಿದರು, ತೊಳೆದದ್ದನ್ನೇ ಮತ್ತೆ ತೊಳೆದರು. ನಾನು ಅತ್ತುಬಿಟ್ಟೆ. ಅವನು ನನ್ನ ಭುಜ ತಟ್ಟಿ, ನೀಲಾ, ಇದರಲ್ಲಿ ನಿನ್ನ ತಪ್ಪೇನಿದೆ, ದೇವರ ವಿಷಯದಲ್ಲಿ ಮನುಷ್ಯರು ಏನು ಮಾಡಲಿಕ್ಕಾಗುತ್ತದೆ ಎಂದ. ತಾನು ಚರ್ಚಿಗೆ ಹೋಗದವನಾದರೂ ಇನ್ನೊಬ್ಬರ ದೇವರ ಮೇಲೆ ಹಳಿ ಹಾಕುವವನಲ್ಲ ಎಂದ. ಅವನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಈ ವರ್ಷದ ದಸರೆಗೂ ಜನ ಬಂದರು. ಹಬ್ಬ ಗುರುವಾರ ಬಂದರೂ ಇಲ್ಲಿ ಎಲ್ಲ ಹಬ್ಬಗಳು ಶನಿವಾರಕ್ಕೇ ಬರುವುದಲ್ಲವೇ? ನಮ್ಮ ಮರ ಗೆದ್ದಿತು ಎಂದು ಬೃಂದಾ ಪೇಢೆ ಹಂಚಿದಳು. ಹಳಿಯ ಮೇಲೆ ಸಾಲಾಗಿ ಕೂತು ಚಿತ್ರಾನ್ನ ತಿಂದರು. ಡೆರೆಕ್ ತಾಡಪತ್ರಿ ಮುಚ್ಚಿದ ಎಂಜಿನ್ನಿನ ಹತ್ತಿರ ಒಬ್ಬನೇ ನಿಂತಿದ್ದ. ಅವನಿಗೂ ಬನ್ನಿ ಕೊಡಲು ಹೋದೆ. ಬನ್ನಿ ತಗೊಂಡು ಎಂದು ಶುರು ಮಾಡಿದವಳು ಅಷ್ಟಕ್ಕೇ ನಿಲ್ಲಿಸಿ ಎಲೆಯನ್ನು ಅವನ ಕೈಗಿಟ್ಟೆ. ಅವನು ಎಲೆಯನ್ನು ಜೋಪಾನವಾಗಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಥ್ಯಾಂಕ್ಯೂ ಎಂದ. ಹೋದ ವಾರ ಎಂಜಿನ್ನನ್ನು ಲಾರಿಯ ಮೇಲೆ ಹೇರಿ ಒಯ್ದರು. ಅದು ಒಮ್ಮೆಯೂ ನಮ್ಮ ಹಳಿಯ ಮೇಲೆ ಓಡಲಿಲ್ಲ. ಡೆರೆಕ್ ಹೊರಡುವ ಮೊದಲು ಕಿಟಕಿ ಒರೆಸುತ್ತಾನೆ ಎಂದುಕೊಂಡೆ. ಒರೆಸಲಿಲ್ಲ. ಈಗ ಅವನು ಫೋನೂ ಎತ್ತುತ್ತಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಲೈನಿನ ಹುಚ್ಚು ಬಿಟ್ಟಿತಲ್ಲ, ಸಂಕ್ರಮಣಕ್ಕೆ ಬಂದುಬಿಡು ಎಂದು ಅಂಕಿತಾನ ಕೈಯಲ್ಲಿ ಹೇಳಿ ಕಳಿಸಿದ್ದೀರಿ. ಬಾಲ್ಕನಿಯಲ್ಲಿ ತುಳಸಿ ಇಟ್ಟಿದ್ದೀರಂತೆ, ಗ್ಯಾಸಿನ ಕಟ್ಟೆ ನನ್ನ ಎತ್ತರಕ್ಕೆ ಇಳಿಸಿ ಕಟ್ಟಿಸಿದ್ದೀರಂತೆ. ಕೇಳಿ ಕಣ್ಣು ತುಂಬಿತು. ನೀವಿಲ್ಲದ ಈ ಮನೆಯಲ್ಲಿ ನಿಮ್ಮ ಗೊರಕೆ ಇಲ್ಲ ಎಂದು ನನಗೆ ಇನ್ನೂ ನಿದ್ದೆ ಬರುವುದಿಲ್ಲ ಎಂದರೆ ನಗಬೇಡಿ. ನೀವೆಂದರೆ ನನಗೆ ಬೇಸರವಿದೆ ಎಂದು ಮಾತ್ರ ಎಂದೂ ತಿಳಿಯಬೇಡಿ.

ಆದರೆ ಸಂಕ್ರಮಣಕ್ಕೆ ಆಗುವುದಿಲ್ಲ. ಬಾಯ್ಲರು ಕೆಟ್ಟಿದೆ, ಅದರ ರಿಪೇರಿಯವನು ಬರಬೇಕು. ಮೊಣಕಾಲಿಗೆ ಜಿಪಿ ಡಾಕ್ಟರು ಏನೋ ಪರೀಕ್ಷೆ ಬರೆದಿದ್ದಾರೆ. ಅಂಕಿತಾನೂ ಟೂಟಿಂಗಿಗೆ ಬಂದಿರು ಎನ್ನುತ್ತಿದ್ದಾಳೆ. ಚಳಿ ಕಳೆಯಲಿ, ಆಮೇಲೆ ನೋಡೋಣ. ಅಲ್ಲದೆ ನಾನು ಕೊಟ್ಟ ಮಾತು ರೈಲು ಓಡಿದ ದಿನದ್ದು, ಲೈನು ಮುಚ್ಚಿದ ದಿನದ್ದಲ್ಲ. ನಿಮ್ಮ ಅಣ್ಣನವರು ಕೇಳಿದರೆ ಇಷ್ಟು ಹೇಳಿದರೆ ಸಾಕು.

ಬಿಪಿಯ ಗುಳಿಗೆ ತಪ್ಪಿಸಬೇಡಿ. ಉಪ್ಪಿನಕಾಯಿ ಕಡಿಮೆ ಮಾಡಿ. ಸಂಜೆ ತಿರುಗಾಡಲು ಹೋಗುವಾಗ ಮಫ್ಲರು ಸುತ್ತಿಕೊಳ್ಳಿ, ಧಾರವಾಡದ ಗಾಳಿ ಮೊದಲಿನಂತಿಲ್ಲ ಎಂದು ನೀವೇ ಹೇಳಿದ್ದೀರಿ.

ನಿಮ್ಮವಳೇ,
ನೀಲವ್ವ

ತಾ.ಕ.: ಮೇಲಿನದನ್ನು ಬೇಕಾದರೆ ಅಣ್ಣನವರ ಮುಂದೆ ಓದಿ. ಇದನ್ನು ಮಾತ್ರ ಓದಬೇಡಿ. ಆ ಅಧಿಕಾರಿ ನನ್ನನ್ನು ಕೇಳಿದ್ದು ಒಂದೇ ಮಾತು. ಕಾಲುವೆ ದಂಡೆಯ ಮೇಲೆ ಇಂಥದೇ ಇನ್ನೊಂದು ಮರ ಇದೆ, ನಿಮ್ಮ ಪೂಜೆಗೆ ಅದು ಆದೀತೇ, ಆದೀತು ಎಂದರೆ ಈ ಆದೇಶ ತೆಗೆಸುತ್ತೇನೆ ಎಂದಳು. ಕರಿಬೇವನ್ನೇ ಬನ್ನಿ ಎಂದು ಕಣ್ಣಿಗೆ ಒತ್ತಿಕೊಂಡವರು ನಾವು. ಆದರೂ ನಮ್ಮ ಧರ್ಮದಲ್ಲಿ ಹಾಗೆ ಬರುವುದಿಲ್ಲ, ಈ ಮರವೇ ಆಗಬೇಕು ಎಂದೆ. ರೈಲೊಂದು ತಪ್ಪುತ್ತದೆ, ಶನಿವಾರದ ಕೆಲಸ ಹೀಗೇ ನಡೆದಿರುತ್ತದೆ ಅಂದುಕೊಂಡಿದ್ದೆ. ಜಾಗವೇ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಮುಖ ನೋಡಿ ಬರುವುದಿಲ್ಲ ಎನ್ನಲು ಬಾಯಿ ಇರಲಿಲ್ಲ, ಮರದ ಹಿಂದೆ ಅಡಗಿಕೊಂಡೆ. ಆದೀತು ಎಂದಿದ್ದರೆ ರೈಲು ಬರುತ್ತಿತ್ತು. ರೈಲು ಬಂದಿದ್ದರೆ ನಾನೂ ಬರಬೇಕಾಗುತ್ತಿತ್ತು. ಆ ಮರದ ಎಲೆ ನಿಮಗೆ ಕಳಿಸಲು ಮನಸ್ಸಾಗಲಿಲ್ಲ. ಕವರಿನಲ್ಲಿ ಇಟ್ಟಿರುವುದು ಕರಿಬೇವು, ಬನ್ನಿ ಎಂದೇ ತೆಗೆದುಕೊಳ್ಳಿ.